ಮೀನಿನ ಚರ್ಮ ಹದ ಮಾಡುತ್ತಿದ್ದ ಕಾಕಾ

ಹೋದ ವಾರ ಮನೆಯ ಬಾಗಿಲಿಗೆ ಪಾಲಿಶ್ ಹೊಡೆಯಲು ಬಂದವನು ವಾರ್ನಿಷ್ ಡಬ್ಬಿಯ ಮುಚ್ಚಳ ತೆಗೆದ. ವಾಸನೆ ಮೂಗಿಗೆ ಬಡಿದದ್ದೇ ತಡ, ಚಹಾದ ಕಪ್ಪನ್ನು ಕಿಟಕಿಯಲ್ಲಿಟ್ಟು ಕೂತುಬಿಟ್ಟೆ. ಕಾಲೇಜಿನ ಮ್ಯೂಸಿಯಂ ಕಾಕಾನವರ ಕೋಣೆ ಕಣ್ಣೆದುರು ಬಂತು...

ಇಪ್ಪತ್ತು ವರ್ಷದ ಹಿಂದಿನ ಮಾತು. ಹೈದರಾಬಾದಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಸಹಾಯಕಿಯಾಗಿ ಸೇರಿದ್ದೆ. ಸತ್ತ ಮೀನಿನ ಚರ್ಮ ಬಿಡಿಸಿ, ಹದ ಮಾಡಿ, ಈಗಷ್ಟೇ ನೀರಿನಿಂದ ಎದ್ದು ಬಂದಂತೆ ಗೋಡೆಗೆ ಕೂರಿಸುತ್ತಿದ್ದವರು ಕಾಕಾ. ಬೀದರ್ ಕಡೆಯವರು. ಉಳಿದವರ ಜೊತೆ ಉರ್ದು, ತೆಲುಗು. ರಾಯಚೂರಿನವಳು ಅಂತ ನನ್ನ ಜೊತೆ ಕನ್ನಡ. ಏಪ್ರಿಲ್ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ.

ಕೆಲಸವನ್ನು ಪ್ರೀತಿಯಿಂದ ಕಲಿಸಿದರು. ಮೀನನ್ನು ಒಂದೇ ಮಗ್ಗುಲಲ್ಲಿ ಸೀಳಿ, ಚಮಚದಿಂದ ಮಾಂಸ ಕೆರೆದು, ಚರ್ಮವನ್ನು ಉಪ್ಪು-ಪಟಿಕದ ನೀರಿನಲ್ಲಿ ದಿನಗಟ್ಟಲೆ ನೆನೆಸುವುದು. ರೆಕ್ಕೆಗಳನ್ನು ಬಿಡಿಸಿ ರಟ್ಟಿಗೆ ಪಿನ್ನು ಚುಚ್ಚುವುದು. ಕೊನೆಗೆ ಮೈಗೆ ವಾರ್ನಿಷ್ ಬಳಿಯುವುದು. ಆದರೆ ಚರ್ಮದ ಒಳಮೈಗೆ ಬಿಳಿ ಲೇಪ ಹಚ್ಚುವ ಹೊತ್ತು ಬಂದರೆ ಮುಖವೇ ಬದಲಾಗುತ್ತಿತ್ತು.

"ಸಾಕು ತಂಗಿ. ಹೊರಗ ನಡಿ."

ನಾನು ಹೊರಬಿದ್ದ ಕೂಡಲೇ ಒಳಗಿನಿಂದ ಚಿಲಕ. ಒಂದು ವರ್ಷ ಹೀಗೇ ನಡೆಯಿತು. ವಿದ್ಯೆ ಬಚ್ಚಿಡುತ್ತಿದ್ದಾರೆ ಎಂದು ನನಗೆ ಸಿಟ್ಟು. ಕೊನೆಗೆ ವಿಭಾಗದ ಮುಖ್ಯಸ್ಥರಿಗೆ ದೂರು ಬರೆದುಕೊಟ್ಟೆ. ಅವರು ಕಾಕಾನವರನ್ನು ಕರೆಸಿ, ಎಲ್ಲವನ್ನೂ ಈ ಹುಡುಗಿಗೆ ಕಲಿಸಲೇಬೇಕು ಎಂದರು.

"ಕಲಸೂದಿಲ್ರಿ ಸಾಹೇಬ್ರ," ಎಂದರು ಕಾಕಾ. ಕಾರಣ ಕೇಳಿದರೆ ಅದನ್ನೇ ಮತ್ತೊಮ್ಮೆ ಹೇಳಿದರು. ಮುಖ್ಯಸ್ಥರು ಮೆಮೊ ಕೊಟ್ಟರು, ಕಾಕಾ ಮಡಚಿ ಜೇಬಿಗಿಟ್ಟುಕೊಂಡು ಹೋದರು. ನನ್ನೊಳಗೆ ಗೆದ್ದ ಭಾವ ಇತ್ತು.

ಕೆಲವು ತಿಂಗಳಾದ ಮೇಲೆ ಅವರು ಕೆಲಸಕ್ಕೆ ಬರುವುದು ನಿಂತಿತು. ಸರಕಾರಿ ದವಾಖಾನೆಯಲ್ಲಿದ್ದಾರೆ ಎಂದು ತಿಳಿದು ಮೋಸಂಬಿ ಕಟ್ಟಿಸಿಕೊಂಡು ಹೋದೆ. ಮೊದಲ ಸಲ ಅವರ ಬರಿ ತೋಳು ಕಂಡೆ. ಮೊಣಕೈವರೆಗೆ ಕಪ್ಪು ಬಿಳಿ ಮಚ್ಚೆ. ಅಂಗೈ ತುಂಬ, ದುಡಿದು ಜಡ್ಡುಗಟ್ಟಿದ್ದು ಎಂದು ನಾನು ತಿಳಿದಿದ್ದ, ಜೋಳದ ಕಾಳಿನಂಥ ಗಟ್ಟಿ ಗಂಟುಗಳು. ಎರಡು ಒಡೆದು ಹುಣ್ಣಾಗಿದ್ದವು. ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು ಕೇಳಿದರು: "ನಿಮ್ಮ ಕಾಲೇಜಿನಲ್ಲಿ ಇವರು ಪಾಷಾಣ, ಅಂದರೆ ಆರ್ಸೆನಿಕ್, ಮುಟ್ಟುತ್ತಿದ್ದದ್ದು ಎಷ್ಟು ವರ್ಷದಿಂದ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಮೇಲೆ ಒಮ್ಮೆಲೇ ಅರ್ಥವಾಯಿತು. ಆ ಬಿಳಿ ಲೇಪ...

ಒಳಗೆ ಬಂದು, "ಗೊತ್ತಿತ್ತೇನ್ರಿ ಕಾಕಾ?" ಎಂದೆ.

"ಗೊತ್ತಿತ್ತು. ನನಗ ಕಲಿಸಿದ ಉಸ್ತಾದರೂ ಹಿಂಗ ಹೋದ್ರು. ಬ್ಯಾರೆ ಏನ್ ಹಚ್ಚಿದ್ರೂ ಚರ್ಮಕ್ಕ ಹುಳ ಬೀಳ್ತಾವು. ಕೈಗವಸ ಹಾಕ್ಕೊಂಡ್ರ ಚರ್ಮ ಎಲ್ಲಿ ತೆಳು ಐತಿ, ಬೆರಳಿಗೆ ತಿಳಿಯಂಗಿಲ್ಲ."

"ಸಾಹೇಬರಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ ಖೋಲಿಗೆ ಕೀಲಿ ಹಾಕತಿದ್ರು. ಮತ್ತ ನಾ ಏನ್ ಮಾಡ್ಲಿ?"

"ಕಾಕಾ, ಆ ದೂರು ಬರದಾಕಿ..." ಎಂದು ಶುರುಮಾಡಿದೆ.

"ಕೈ ತೋರಸು," ಎಂದರು.

ಎರಡೂ ಅಂಗೈ ಮುಂದೆ ಚಾಚಿದೆ. ಮುಟ್ಟಲಿಲ್ಲ ಅವರು. ಕಿಟಕಿಯ ಬೆಳಕಿಗೆ ತಿರುಗಿಸಲು ಹೇಳಿ ಒಂದೊಂದು ಬೆರಳನ್ನೂ ನೋಡಿದರು. "ನಾ ಇಲ್ಲದಾಗ ಆ ಲೇಪದ ಡಬ್ಬಿ ಮುಟ್ಟಿಲ್ಲಲಾ?"

"ಇಲ್ಲರಿ."

"ಭಾಳ ಚಲೋ ಆತು," ಎಂದು ಕಣ್ಣು ಮುಚ್ಚಿಕೊಂಡರು. ಅದೇ ಮಳೆಗಾಲದಲ್ಲಿ ತೀರಿಹೋದರು. ಚರ್ಮದ ಕ್ಯಾನ್ಸರ್ ಅಂದರು.

ಮ್ಯೂಸಿಯಂ ಈಗ ನನ್ನ ಉಸ್ತುವಾರಿಯಲ್ಲಿದೆ. ಹಳೆಯ ಮಾದರಿಗಳನ್ನೆಲ್ಲ ಪರೀಕ್ಷೆ ಮಾಡಿಸಿದಾಗ ಕಾಕಾ ಹದ ಮಾಡಿದ ಒಂದೊಂದು ಮೀನಿನಲ್ಲೂ ಪಾಷಾಣ ಸಿಕ್ಕಿತು. ಹೋದ ತಿಂಗಳು ಮುಖಗವಸು ತೊಟ್ಟ ಕೆಲಸಗಾರರು ಬಂದು ಒಂದೊಂದನ್ನೇ ಗೋಡೆಯಿಂದ ಇಳಿಸಿ ದಪ್ಪ ಹಳದಿ ಚೀಲಕ್ಕೆ ಹಾಕಿದರು. ಮೂವತ್ತು ವರ್ಷದ ಕೆಲಸ ಅರ್ಧ ದಿನದಲ್ಲಿ ಲಾರಿ ಸೇರಿತು. 'ವಿಷಕಾರಿ ತ್ಯಾಜ್ಯ' ಎಂದಿದ್ದ ಕಾಗದಕ್ಕೆ ಸಹಿ ಹಾಕಿದವಳು ನಾನೇ. ದೂರು ಬರೆದವಳು ನಾನೇ ಎಂಬ ಮಾತನ್ನು ಅಂದು ಕಾಕಾನವರ ಮುಂದೆ ಪೂರ್ತಿ ಆಡಲಿಲ್ಲ. ಈಗ ಆ ಗೋಡೆಯ ಮುಂದೆ ಹೋಗಿ ನಿಂತು ಆಡೋಣವೆಂದರೆ ಅವರದ್ದೆನ್ನುವ ಒಂದು ಮೀನೂ ಅಲ್ಲಿ ಉಳಿದಿಲ್ಲ.