ಮಾರ್ನೆಮಿಯ ಕರಡಿ

ನಗು ತಡೆಯುವಾಗ ಆಚೆಮನೆ ದೊಡ್ಡಮ್ಮನ ಮೂಗುಬೊಟ್ಟು ನಡುಗುತ್ತಿತ್ತು. ಮುಖವೆಲ್ಲ ಗಂಭೀರ, ಆ ಕೆಂಪು ಹರಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಮಾರ್ನೆಮಿ ಎಂದರೆ ನಮ್ಮ ಕಡೆಯ ನವರಾತ್ರಿ. ಆಗ ವೇಷ ಹಾಕಿ ಮನೆಮನೆ ಸುತ್ತುವ ನಮ್ಮೂರು ನರಿಕೊಂಬಿನ ಮಕ್ಕಳು ಆ ಹರಳಿನ ನಡುಕ ನೋಡಲೆಂದೇ ದೊಡ್ಡಮ್ಮನ ಅಂಗಳಕ್ಕೆ ಓಡುತ್ತಿದ್ದರು.

ಎಲ್ಲ ಮನೆಗಳೂ ಹಾಗಿರಲಿಲ್ಲ. ಗಲ್ಫಿನವರ ಮನೆಯಲ್ಲಿ ಕ್ಯಾಮರಾಕ್ಕೆ ಚಂದ ಬರುವವರೆಗೆ ಕುಣಿಸುತ್ತಿದ್ದರು. ರಸ್ತೆ ಬದಿಯ ಹೊಸ ಮನೆಯವರು ಡೋಲಿನ ಸದ್ದು ಕೇಳಿದೊಡನೆ ಗೇಟಿಗೆ ಬೀಗ ಹಾಕುತ್ತಿದ್ದರು. ನಮ್ಮ ಮನೆಯದಂತೂ ಕೇಳುವುದೇ ಬೇಡ. ಶಾಲೆಯ ಮೇಷ್ಟ್ರಾಗಿದ್ದ ಅಪ್ಪ ವೇಷದ ಮಕ್ಕಳಿಗೆ ಕೊಡುತ್ತಿದ್ದದ್ದು ಉಪದೇಶ ಮಾತ್ರ: "ಬೇಡಲಿಕ್ಕೆ ನಾಚಿಕೆ ಆಗುವುದಿಲ್ವಾ? ಹೋಗಿ ಓದಿ."

ದೊಡ್ಡಮ್ಮ ಜಗಲಿಯಲ್ಲಿ ಕಾಲು ಚಾಚಿ ಕುಳಿತು, "ಯಾರು ನೀವು? ಎಲ್ಲಿಂದ ಬಂದದ್ದು?" ಎಂದು ಕೇಳುತ್ತಿದ್ದರು. ಆ ವೇಷದವರಲ್ಲಿ ಅರ್ಧ ಮಕ್ಕಳನ್ನು ತೊಟ್ಟಿಲಲ್ಲಿ ತೂಗಿದ್ದು ಅವರೇ. "ದೂರದಿಂದ" ಎಂದು ಗಡಸು ದನಿಯಲ್ಲಿ ಹೇಳಬೇಕು. ಆಗ ಮೂಗುಬೊಟ್ಟು ನಡುಗುವುದು, ಒಳಗಿನಿಂದ ಬಾಳೆಹಣ್ಣು ಬರುವುದು.

ಒಂದು ವರ್ಷ ನಾನೂ ಹೋದೆ. ನಮ್ಮಲ್ಲಿ ಹುಡುಗಿಯರು ವೇಷ ಹಾಕುತ್ತಿರಲಿಲ್ಲ, ಮೇಷ್ಟ್ರ ಮಗಳಂತೂ ಇಲ್ಲವೇ ಇಲ್ಲ. ಕಪ್ಪು ಕಂಬಳಿ ಸುತ್ತಿ, ರಟ್ಟಿನ ಮುಖವಾಡ ಕಟ್ಟಿ, ಕರಡಿಯಾಗಿ ಕುಣಿಯುತ್ತ ದೊಡ್ಡಮ್ಮನ ಅಂಗಳ ಹೊಕ್ಕರೆ ಜಗಲಿಯಲ್ಲಿ ಅಪ್ಪ ಕುಳಿತಿದ್ದಾರೆ. ನಾನು ಕಾಲ್ಗೆಜ್ಜೆ ಬಿಚ್ಚಲು ಮರೆತಿದ್ದೆ. ಅಪ್ಪ ಗೆಜ್ಜೆ ನೋಡಿ ಎದ್ದು ನಿಂತರು. ಎಲ್ಲರೆದುರು ಹೆಸರು ಹಿಡಿದು ಕರೆದರೆ ನನ್ನ ಕಥೆ ಮುಗಿದಂತೆಯೇ.

"ಕೂತ್ಕೊಳ್ಳಿ ಮಾಷ್ಟ್ರೇ," ಎಂದರು ದೊಡ್ಡಮ್ಮ. "ವೇಷ ಹಾಕಿದವರ ಹೆಸರು ಹೇಳಬಾರದು. ಇದು ನನ್ನ ಅಂಗಳಕ್ಕೆ ಬಂದ ಕರಡಿ. ನಿಮಗೆ ಇದರ ಪರಿಚಯ ಉಂಟಾ?"

ಅಪ್ಪ ಇನ್ನೊಮ್ಮೆ ನನ್ನ ಗೆಜ್ಜೆ ನೋಡಿದರು. "ಇಲ್ಲ" ಎಂದು ಕುಳಿತರು. ಮನೆಯಲ್ಲೂ ಆ ಮಾತು ಎತ್ತಲಿಲ್ಲ. ಆ ದಿನ ಕುಣಿದಷ್ಟು ಖುಷಿಯಿಂದ ನಾನು ಮತ್ತೆಂದೂ ಕುಣಿದಿಲ್ಲ.

ಈಗ ಮೂಡುಬಿದಿರೆಯ ಫ್ಲ್ಯಾಟಿನಲ್ಲಿದ್ದೇನೆ. ವೇಷದ ಮಕ್ಕಳನ್ನು ಒಳಗೆ ಬಿಡಬಾರದೆಂದು ಈ ಸಲ ನಮ್ಮ ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನವಾಯಿತು. ಮಕ್ಕಳು ಬರಲಿ ಎಂದು ಬರೆದದ್ದು ನಾನೊಬ್ಬಳೇ. ಬೇಸರದಲ್ಲಿ ಬಸ್ಸು ಹತ್ತಿ ದೊಡ್ಡಮ್ಮನನ್ನು ನೋಡಲು ಹೋದೆ. ಅವರಿಗೆ ಈಚೆಗೆ ಮರೆವು ಹೆಚ್ಚಾಗಿದೆ ಎಂದು ಅಮ್ಮ ಹೇಳಿದ್ದರೂ ನಾನು ಅಷ್ಟು ಕಿವಿಗೆ ಹಾಕಿಕೊಂಡಿರಲಿಲ್ಲ.

ಅದೇ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು. "ಯಾರು ನೀನು? ಎಲ್ಲಿಂದ ಬಂದದ್ದು?"

ನಾನು ನಗುತ್ತ ಮೂಗುಬೊಟ್ಟನ್ನೇ ನೋಡಿದೆ. ಅದು ಅಲುಗಲಿಲ್ಲ.

"ಗೊತ್ತಾಗಲಿಲ್ವಾ ಅತ್ತೆ? ಇವಳು ನಮ್ಮ ಮಾಷ್ಟ್ರ..." ಎಂದು ಅವರ ಸೊಸೆ ಶುರುಮಾಡಿದರು. ಬೇಡ ಎಂದು ಕೈಸನ್ನೆ ಮಾಡಿದೆ.

"ದೂರದಿಂದ," ಎಂದೆ, ಆದಷ್ಟು ಗಡಸಾಗಿ.

ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಸೊಸೆಯತ್ತ ತಿರುಗಿದರು. "ಪಾಪ, ದೂರದಿಂದ ಬಂದದ್ದಂತೆ. ಒಳಗಿಂದ ಬಾಳೆಹಣ್ಣು ತಾ."

ಆ ಹಣ್ಣನ್ನು ವಾಪಸು ಬರುವ ಬಸ್ಸಿನಲ್ಲಿ ಅಳುತ್ತ ತಿಂದೆ. ದೀಪಾವಳಿಗೆ ಮೊದಲೇ ದೊಡ್ಡಮ್ಮ ತೀರಿಕೊಂಡರು.