ಅಡಿಟಿಪ್ಪಣಿ ಅಕ್ಕ

ಪ್ರೊಫೆಸರರ ಹೆಂಡತಿಯನ್ನು ಅವರ ಶಿಷ್ಯರೆಲ್ಲ ಕರೆಯುವುದು ಅಡಿಟಿಪ್ಪಣಿ ಅಕ್ಕ ಎಂದು. ಯಾರ ಪ್ರಬಂಧವಾದರೂ ಪ್ರೊಫೆಸರರ ಮೇಜಿಗೆ ಹೋಗುವ ಮುಂಚೆ ಈಕೆಯ ಅಡುಗೆಕಟ್ಟೆಗೆ ಬರಬೇಕು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಕೆಂಪು ಪೆನ್ನು, ಕುಕ್ಕರು ಮೂರು ಸಲ ಕೂಗುವುದರೊಳಗೆ ಹತ್ತು ಪುಟ ಮುಗಿಸಿ, "ಈ ಸಾಲು ನಿಂದಲ್ಲ ಕಣಪ್ಪಾ, ಯಾರ ಮನೆಯಿಂದ ಎತ್ಕೊಂಡು ಬಂದೆ?" ಎನ್ನುತ್ತಾಳೆ. ಅಕ್ಕನೆದುರು ಸೀನಿದರೂ ಮೂಲ ಯಾವುದೆಂದು ಕೇಳುತ್ತಾಳೆ ಎಂದು ಶಿಷ್ಯರು ನಗುತ್ತಾರೆ. ಪಕ್ಕದ ಮನೆಯಿಂದ ತಂದ ಪಾತ್ರೆಯ ಹಾಗೆ ಇನ್ನೊಬ್ಬರ ಮಾತನ್ನೂ ಹೆಸರು ಹೇಳಿಯೇ ಬಳಸಬೇಕು ಎಂಬುದು ಆಕೆಯ ಕಟ್ಟುನಿಟ್ಟು. ಗಂಡನ ನಾಲ್ಕೂ ಪುಸ್ತಕಗಳ ಆಕರಸೂಚಿ ಸಿದ್ಧಪಡಿಸಿದವಳು ಆಕೆಯೇ. ಮುನ್ನುಡಿಯಲ್ಲಿ ಆಕೆಗೆ ಸಿಕ್ಕಿದ್ದು 'ಮನೆಯವರ ಸಹಕಾರ' ಎಂಬ ಎರಡು ಪದ. ಮೊನ್ನೆ, ಸಂಶೋಧನೆ ಮಾಡುತ್ತಿರುವ ಮಗಳು ಅಟ್ಟದಿಂದ ಹಳೆಯ ನೋಟ್‌ಬುಕ್ಕೊಂದನ್ನು ಇಳಿಸಿದಳು. ಅದು ಮದುವೆ ನಿಶ್ಚಯವಾದಾಗ ಅಮ್ಮ ಅರ್ಧಕ್ಕೆ ಬಿಟ್ಟ ಪ್ರಬಂಧ. ಅದರ ಒಂದು ಅಧ್ಯಾಯ ಅಪ್ಪನ ಮೊದಲ ಪುಸ್ತಕದಲ್ಲಿ ಅಕ್ಷರವೂ ಬದಲಾಗದೆ ಇತ್ತು. "ಇದು ನಿನ್ನ ಮಾತಮ್ಮಾ. ನನ್ನ ಪ್ರಬಂಧದಲ್ಲಿ ನಿನ್ನ ಹೆಸರೇ ಹಾಕಿದೀನಿ, ನೋಡು," ಎಂದು ಮಗಳು ಹಾಳೆ ಚಾಚಿದಳು. ಅಚ್ಚಾದ ತನ್ನ ಹೆಸರನ್ನು ಅಕ್ಕ ಬೆರಳಿನಿಂದ ಒಮ್ಮೆ ಸವರಿದಳು. "ಇಷ್ಟು ವರ್ಷದ ಮೇಲೆ ಇದನ್ನ ಕಂಡ್ರೆ, ನಾನೇ ನಿಮ್ಮಪ್ಪನಿಂದ ಕದ್ದೆ ಅಂತಾರೆ ಕಣೇ," ಎಂದು ಅದನ್ನು ಹೊಡೆದುಹಾಕಿ, ಗಂಡನ ಹೆಸರು, ವರ್ಷ, ಪುಟ ಎಂಬತ್ತೊಂಬತ್ತು ಎಂದು ಬರೆದಳು. ಪುಟ ಯಾವುದೆಂದು ತಿಳಿಯಲು ಆಕೆ ಪುಸ್ತಕ ತೆರೆಯಬೇಕಾಗಲಿಲ್ಲ.