ಹಂಡೆ ನೀರಿಗೆ ಸಿಕ್ಕ ರಿಟೇನರ್

ಸಮೇತನಹಳ್ಳಿಯ ಅರ್ಪಿತ ಈಗಲೂ ಬೆಳಗ್ಗೆ ಎಚ್ಚರವಾದ ಕೂಡಲೇ ಮುಂದಿನ ಹಲ್ಲುಗಳನ್ನು ನಾಲಿಗೆಯಿಂದ ಸವರಿ ನೋಡುತ್ತಾಳೆ. ಇದ್ದಲ್ಲೇ ಇವೆ ಎಂದು ಗೊತ್ತಾದ ಮೇಲೆಯೇ ಹಾಸಿಗೆ ಬಿಡುವುದು.

ಹೊಸಕೋಟೆ ಹತ್ತಿರದ ಗೋದಾಮಿನಲ್ಲಿ ಪಾರ್ಸಲ್ ಸ್ಕ್ಯಾನ್ ಮಾಡುವ ಕೆಲಸ ಅವಳದು. ಉಬ್ಬುಹಲ್ಲಿನ ದೆಸೆಯಿಂದ ಶಾಲೆಯಲ್ಲಿ ಅವಳ ಹೆಸರು ‘ತುರಿಮಣೆ’. ಹುಡುಗರು ಹಾಗೆ ಕೂಗಿದಾಗ ಮೇಷ್ಟರೂ ನಗುತ್ತಿದ್ದರು, ನಾಚಿಕೆಯಿಲ್ಲದೆ. ಹಲ್ಲಿಗೆ ತಂತಿ ಹಾಕಿಸಿಕೊಳ್ಳುತ್ತೇನೆ ಎಂದಾಗ ಅಪ್ಪ ಬೈರೇಶ್ ಒಪ್ಪಲಿಲ್ಲ. ಹಠ ಹಿಡಿದು ಹಾಕಿಸಿಕೊಂಡಳು, ಎರಡು ವರ್ಷ ನೋವು ತಿಂದಳು. ಪಿಯುಸಿ ಓದುವ ತಂಗಿ ಮಾನಸಳದೂ ಅದೇ ಉಬ್ಬುಹಲ್ಲು. ಅವಳೂ ತಂತಿ ಕೇಳತೊಡಗಿದಾಗ ಬೈರೇಶ್ ಷರತ್ತು ಹಾಕಿದ.

“ಇವಳದು ಒಂದು ವರ್ಷ ನೆಟ್ಟಗೆ ನಿಲ್ಲಲಿ, ಆಮೇಲೆ ನೋಡಾನ. ತಿರ್ಗಾ ಸೊಟ್ಟಗಾದ್ರೆ ಈ ಮನೇಲಿ ಹಲ್ಲಿನ ಮಾತೇ ಎತ್ತಂಗಿಲ್ಲ.”

ತಂತಿ ಬಿಚ್ಚಿದ ದಿನ ಕ್ಲಿನಿಕ್ಕಿನವರು ಅರ್ಪಿತಳಿಗೆ ರಿಟೇನರ್ ಕೊಟ್ಟರು. ಹಲ್ಲಿನ ಮೇಲೆ ಕೂರುವ, ಗಾಜಿನಂಥ ಪ್ಲಾಸ್ಟಿಕ್ ಅಚ್ಚು. ಊಟದ ಹೊತ್ತು ಬಿಟ್ಟು ಸದಾ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಹೊರಡುತ್ತದೆ ಎಂದರು. ಉಳಿದದ್ದೆಲ್ಲ ಇಂಗ್ಲಿಷ್ ಚೀಟಿಯಲ್ಲಿತ್ತು. ಬೀದಿಯಲ್ಲಿ ನಗುವ ಹುಡುಗಿಯ ಫ್ಲೆಕ್ಸ್ ಕಟ್ಟುವಾಗ ಕನ್ನಡ ಬರುವ ಇವರಿಗೆ, ಎಚ್ಚರಿಕೆ ಹೇಳುವಾಗ ಯಾಕೆ ಮರೆತುಹೋಗುತ್ತದೋ.

ಅಜ್ಜಿ ಗಂಗಲಕ್ಷ್ಮಮ್ಮನ ಲೆಕ್ಕದಲ್ಲಿ ಆ ಅಚ್ಚು ಎಂಜಲು. ಅಡುಗೆಮನೆಯೊಳಕ್ಕೆ ತರುವಂತಿಲ್ಲ. ಹಾಗಾಗಿ ಉಣ್ಣುವಾಗ ಅರ್ಪಿತ ಅದನ್ನು ಡಬ್ಬಿಗೆ ಹಾಕಿ ಬಚ್ಚಲಮನೆಯ ಗೂಡಿನಲ್ಲಿ ಇಡುತ್ತಿದ್ದಳು. ದಾಯಾದಿಗಳ ಮನೆಯ ಸಾವಿನ ಸೂತಕ ಕಳೆದ ದಿನ ಅಜ್ಜಿ ಮನೆಯನ್ನೆಲ್ಲ ತೊಳೆದಳು. ಮೊಮ್ಮಗಳ ಬಾಯಿಗೆ ಹೋಗುವ ವಸ್ತು ಮೈಲಿಗೆ ಉಳಿಯಬಾರದೆಂದು, ಹಂಡೆಯ ಕುದಿನೀರು ಮೊಗೆದು ಡಬ್ಬಿಯೊಳಗಿನ ಅಚ್ಚಿನ ಮೇಲೂ ಸುರಿದಳು. ಪ್ರೀತಿಯಿಂದಲೇ.

ಉಂಡೆದ್ದು ಬಂದ ಅರ್ಪಿತ ಹಾಕಿಕೊಳ್ಳಲು ಹೋದಳು. ಕೂರಲಿಲ್ಲ. ಒತ್ತಿದಳು. ಮುರುಟಿದ ಅಂಚು ಒಸಡಿಗೆ ಚುಚ್ಚಿ ರಕ್ತ ಬಂತು.

ಹೇಳಿದರೆ ಅಪ್ಪ ಅಜ್ಜಿಯ ಮೇಲೆ ಹಾರಾಡುತ್ತಾನೆ. ಮಾನಸಳ ಆಸೆಯೂ ಅಲ್ಲಿಗೇ ಮುಗಿಯುತ್ತದೆ. ಹೆದರಿ ಸುಮ್ಮನಾದಳು. ಗೋದಾಮಿನ ಕನ್ನಡಿಯ ಮುಂದೆ ದಿನಕ್ಕೆ ಹತ್ತು ಸಲ ನಿಂತಳು. ಮೂರನೆಯ ವಾರ ಹೂ ಕಟ್ಟುವ ದಾರವನ್ನು ಮುಂದಿನ ಎರಡು ಹಲ್ಲುಗಳ ನಡುವೆ ಎಳೆದು ನೋಡಿದಳು. ಮೊದಲು ಸಿಕ್ಕಿಕೊಳ್ಳುತ್ತಿದ್ದ ದಾರ ಸಲೀಸಾಗಿ ಹಾದುಹೋಯಿತು. ಅಂದಿನಿಂದ ಅನ್ನ ಸೇರಲಿಲ್ಲ. ಅಪ್ಪ ಎದುರು ಬಂದರೆ ಸೆರಗಿನಂತೆ ದುಪ್ಪಟ್ಟಾ ಬಾಯಿಗೆ ಅಡ್ಡ ಬರುತ್ತಿತ್ತು.

ಮೊದಲು ಕಂಡುಹಿಡಿದವಳು ಮಾನಸ.

“ಅಕ್ಕ, ನಿನ್ನ ಹಲ್ಲು ಎಲ್ಲಿಗೋ ಹೊರಟವೆ. ನೀನು ತಿರ್ಗಾ ತುರಿಮಣೆ ಆದ್ರೆ ನನ್ನ ಗತಿ ಏನ್ ಗುರು?”

ತಮಾಷೆಗೆ ಅಂದಳು, ಆದರೆ ಕಣ್ಣು ತುಂಬಿತ್ತು. ಇನ್ನು ಮುಚ್ಚಿಟ್ಟಷ್ಟು ದಿನವೂ ತಂಗಿಯ ಹಲ್ಲನ್ನೇ ಕಳೆದಂತೆ ಎಂದು ಅರ್ಪಿತಳಿಗೆ ಹೊಳೆಯಿತು. ಅಂದು ಸಂಜೆಯೇ ಮುರುಟಿದ ಅಚ್ಚನ್ನು ಅಪ್ಪನ ಮುಂದಿಟ್ಟು, ನಡೆದದ್ದು ಹೇಳಿದಳು. ಬೈರೇಶ್ ಕೂಗಾಡಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

ಮರುದಿನ ಕ್ಲಿನಿಕ್ಕಿಗೆ ಅವನೇ ಕರೆದೊಯ್ದ. ಹಲ್ಲು ಕೂದಲೆಳೆಯಷ್ಟು ಸರಿದಿದೆ, ಹೊಸ ಅಚ್ಚಿನಿಂದ ಹಿಂದಕ್ಕೆ ತರಬಹುದು, ಇನ್ನೂ ತಡಮಾಡಿದ್ದರೆ ಮತ್ತೆ ತಂತಿಯೇ ಎಂದರು ಡಾಕ್ಟರು. ಮುಂದೆಯೂ ರಾತ್ರಿ ಹೊತ್ತು ಜೀವಮಾನವಿಡೀ ಹಾಕಿಕೊಳ್ಳಬೇಕಂತೆ. ಬಿಸಿನೀರು ತಾಕಿಸಬಾರದೆಂದು ಚೀಟಿಯಲ್ಲೇ ಇದೆಯಲ್ಲ ಎಂದೂ ಸೇರಿಸಿದರು.

ಬೈರೇಶ್ ಚೀಟಿಯನ್ನು ಅವರ ಮೇಜಿನ ಮೇಲೆ ಇಟ್ಟ.

“ಇದನ್ನ ಕನ್ನಡದಲ್ಲಿ ಬರ್ದು ಕೊಡಿ ಸಾರ್. ನಮ್ಮವ್ವ ಓದಕ್ಕಿಲ್ಲ, ನಾನು ಓದಿ ಹೇಳ್ತೀನಿ.”

ಬರೆಸಿಕೊಂಡೇ ಎದ್ದ. ಮನೆಗೆ ಬಂದವನು ಚೀಟಿಯನ್ನು ಬಚ್ಚಲಮನೆ ಬಾಗಿಲಿಗೆ ಅಂಟಿಸಿ, ಅವ್ವನಿಗೆ ಎರಡು ಸಲ ಓದಿ ಹೇಳಿ, ಮಾನಸಳನ್ನು ಕರೆದ.

“ತಂತಿ ಹಾಕ್ಸಿ ಬಿಚ್ಚಿದ ಮೇಲೆ ನೀನು ನಿನ್ನ ಡಬ್ಬಿ ಎಲ್ಲಿಡ್ತೀಯಾ, ಅದನ್ನ ಮೊದ್ಲು ಹೇಳು.”

ಮಾನಸ ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದಳು, “ಹಂಡೆ ಹತ್ರ ಮಾತ್ರ ಬ್ಯಾಡ ಕಣವ್ವ.”